ಹೇಳಿಕೊಂಡು ಅಳುವ ಕೆಂಚಮ್ಮ

ನಮ್ಮ ಕಡೆ ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದಿಳಿಯುವುದು ನನ್ನ ಕುರ್ಚಿಗಳು. ಅದಾದ ಮೇಲೆ ಬರುತ್ತಿದ್ದವಳು ಕೆಂಚಮ್ಮ. ನಾನಿನ್ನೂ ಶಾಮಿಯಾನದ ಕಂಬ ನಿಲ್ಲಿಸುತ್ತಿರುವಾಗಲೇ ಬೀದಿಯ ತುದಿಯಲ್ಲಿ ಅವಳ ದನಿ ಏಳುತ್ತಿತ್ತು. ಅಲ್ಲಿಯವರೆಗೆ ಮಳೆ, ಈರುಳ್ಳಿ ರೇಟು, ಎಲೆಕ್ಷನ್ನು ಅಂತ ಮಾತಾಡಿಕೊಂಡು ಕೂತಿದ್ದ ಗಂಡಸರು ತಟ್ಟನೆ ಸುಮ್ಮನಾಗಿ, ಬೀಡಿ ಆರಿಸಿ, ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಳ್ಳುತ್ತಿದ್ದರು. ಉದ್ದನೆಯ ಒಣಕಲು ಹೆಂಗಸು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎರಡೂ ಕೈ ಮುಂದೆ ಚಾಚಿಕೊಂಡು, ಯಾರ ಮುಖವನ್ನೂ ನೋಡದೆ ನೇರವಾಗಿ ಹೆಣದ ಕಾಲ ಬಳಿ ಬಂದು ಕೂರುತ್ತಿದ್ದಳು. ಅವಳು ಬಂದು ಕೂತ ಮೇಲೆಯೇ ಆ ಮನೆಯಲ್ಲಿ ನಿಜವಾಗಿ ಸಾವಾಗಿದೆ ಅನ್ನಿಸುತ್ತಿತ್ತು.

ನನ್ನದು ಅಜ್ಜಂಪುರದ ಬಸ್‌ಸ್ಟ್ಯಾಂಡಿನ ಹಿಂದೆ ಶಾಮಿಯಾನದ ಅಂಗಡಿ. ಕುರ್ಚಿ, ಟೇಬಲ್ಲು, ಅಡುಗೆ ಪಾತ್ರೆ, ಈಚೆಗೆ ಹೆಣ ಇಡುವ ಫ್ರೀಜರ್ ಪೆಟ್ಟಿಗೆ, ಇವನ್ನೆಲ್ಲ ಸಾಗಿಸಲು ಒಂದು ಲಗೇಜ್ ಆಟೋ. ಊರು ಮಾತ್ರ ಶಿವನಿ ರಸ್ತೆಯಿಂದ ಒಳಗೆ ಸಿಗುವ ಒಂದು ಹಳ್ಳಿ. ಹೆಸರು ಬೇಡ, ಅಲ್ಲೇ ಬದುಕಬೇಕಾದವನು ನಾನು. ಕೆಂಚಮ್ಮನೂ ಅದೇ ಊರಿನ ಕಾಲೋನಿಯವಳು. ನಾವು ವಿಭೂತಿ ಹಚ್ಚುವ ಜನ, ಬೀದಿಯ ಈ ಕಡೆ. ಅವರು ಹಳ್ಳದ ಆ ಕಡೆ. ಆದರೆ ಸಾವಿನ ಮನೆಯ ಅಂಗಳದಲ್ಲಿ ಅವಳನ್ನು ಹಿಂದೆ ಕೂರು ಅಂದವರನ್ನು ನಾನು ನೋಡಿಲ್ಲ.

ಹೆಂಗಸರು ಹೆಣದ ಸುತ್ತ ಕೂತು ಸತ್ತವರ ಬಾಳನ್ನು ರಾಗವಾಗಿ ಹೇಳಿಕೊಂಡು ಅಳುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಅದಕ್ಕೊಂದು ಕಟ್ಟುಪಾಡಿದೆ. ಹಾಗೆ ಅಳುವವಳ ಬಾಯನ್ನು ಯಾರೂ ಮುಚ್ಚಿಸಬಾರದು. ಅಲ್ಲಿ ಆಡಿದ ಮಾತನ್ನು ಆಮೇಲೆ ಹೊರಗೆ ತಂದು ಜಗಳ ಕಾಯಬಾರದು. ಇಷ್ಟು ಸ್ವಾತಂತ್ರ್ಯ ಕೊಟ್ಟರೂ ಹೆಚ್ಚಿನವರು ಅಲ್ಲಿ ಹೇಳುವುದು ಹೊಗಳಿಕೆಯೇ. ಬದುಕಿದ್ದಾಗ ನಾಯಿಗೂ ಅನ್ನ ಹಾಕದವನು ಸತ್ತ ಕೂಡಲೇ ಧರ್ಮರಾಯನಾಗಿಬಿಡುತ್ತಾನೆ. ಕೆಂಚಮ್ಮ ಮಾತ್ರ ಇದ್ದದ್ದನ್ನು ಇದ್ದಹಾಗೆ ಹೇಳಿ ಅಳುತ್ತಿದ್ದಳು.

ಈರುಳ್ಳಿ ಮಂಡಿಯ ರುದ್ರಪ್ಪ ಸತ್ತಾಗ ನಾನು ಅಲ್ಲೇ ಇದ್ದೆ. ದೊಡ್ಡ ಮನುಷ್ಯ, ಅಂಗಳ ತುಂಬ ಜನ. ಅವನ ಹೆಂಡತಿ ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದೆ ಗೋಡೆಗೆ ಒರಗಿ ಕೂತಿದ್ದಳು. ಜನ ಆಗಲೇ ಪಿಸಿಪಿಸಿ ಶುರುಮಾಡಿದ್ದರು. ಕೆಂಚಮ್ಮ ಬಂದು ಕೂತು ಸ್ವಲ್ಪ ಹೊತ್ತು ಹೆಣದ ಮುಖವನ್ನೇ ನೋಡಿದಳು. ಆಮೇಲೆ ಶುರುಮಾಡಿದಳು: "ಊರಿಗೆಲ್ಲ ಕೈಯೆತ್ತಿ ಕೊಟ್ಟೆಯಲ್ಲೋ ನನ್ನಪ್ಪಾ... ಬಂದೋರಿಗೆಲ್ಲ ಎಲೆ ಹಾಕ್ಸಿದೆಯಲ್ಲೋ ನನ್ನ ತಂದೇ... ಕಟ್ಕಂಡೋಳು ಉಂಡ್ಲಾ ಅಂತ ಒಂದಿನ ಕೇಳ್ಲಿಲ್ಲವಲ್ಲೋ..." ಗೋಡೆಗೆ ಒರಗಿದ್ದ ಹೆಂಗಸು ಬುಳಕ್ಕನೆ ಅತ್ತುಬಿಟ್ಟಳು. ಅತ್ತಳು ಅಂದರೆ, ಸಾಯಂಕಾಲದವರೆಗೂ ಅತ್ತಳು. ಅವಳ ಮಕ್ಕಳು ತಲೆ ತಗ್ಗಿಸಿದರೇ ಹೊರತು ಕೆಂಚಮ್ಮನಿಗೆ ಯಾರೂ ಒಂದು ಮಾತು ಅನ್ನಲಿಲ್ಲ.

ಮಣ್ಣು ಮುಗಿದ ಮೇಲೆ ಅವಳೇ ಬೇರೆ. ನಾನು ಕುರ್ಚಿ ಜೋಡಿಸಿ ಆಟೋಗೆ ಹಾಕುವ ಜಾಗಕ್ಕೆ ಬಂದು, ಒಂದು ಕುರ್ಚಿ ಎಳೆದುಕೊಂಡು ಕಾಲು ಚಾಚಿ ಕೂತು, ಬೆಳಗಿನಿಂದ ಕುಡಿಯದ ಕಾಫಿಯನ್ನು ಆಗ ಕುಡಿಯುತ್ತಿದ್ದಳು. "ಚಂದ್ರಣ್ಣ, ಈ ಕುರ್ಚಿ ಕಾಲು ಬಿರುಕು ಬಿಟ್ಟೈತೆ ನೋಡ್ಕೊ. ದಪ್ಪನೋನು ಯಾವನಾದ್ರೂ ಕೂತ್ರೆ ಇಲ್ಲೇ ಇನ್ನೊಂದು ಹೆಣ ಬೀಳ್ತದೆ" ಅಂತ ನಗುತ್ತಿದ್ದಳು. ಸಾವಿನ ಮನೆಯ ಅಂಗಳದಲ್ಲಿ ನಗುವುದಕ್ಕೆ ಹೆದರದವರು ನಾವಿಬ್ಬರೇ.

ಗಂಡ ಮೊದಲೇ ಹೋಗಿದ್ದ. ಮಗ ಲೋಕೇಶ ಪಂಚಾಯ್ತಿಯಲ್ಲಿ ನೀರು ಬಿಡುವ ಕೆಲಸ ಮಾಡುತ್ತಿದ್ದ, ನೆರಳು ಕಂಡರೂ ಪಕ್ಕಕ್ಕೆ ಸರಿಯುವ ಹುಡುಗ. ಮಗಳು ಸುಮ ಅಜ್ಜಂಪುರಕ್ಕೆ ಕಾಲೇಜಿಗೆ ಬರುತ್ತಿದ್ದಳು. ಅವಳಿಗೆ ಜ್ವರ ಬಂದು ತಲೆಗೆ ಏರಿತು. ಊರಿನ ಯಜಮಾನ ಮಲ್ಲಿಕಣ್ಣ ತನ್ನ ಕಾರಿನಲ್ಲೇ ತರೀಕೆರೆಗೆ ಕರೆದುಕೊಂಡು ಹೋದ. ಅಲ್ಲಿಂದ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಸುಮ ಉಳಿಯಲಿಲ್ಲ.

ಹೆಣ ಊರಿಗೆ ಬಂದ ದಿನ ನಾನು ಯಾರೂ ಹೇಳದೆಯೇ ಕುರ್ಚಿ ಇಳಿಸಿದೆ. ಕೆಂಚಮ್ಮ ಹೇಗೆ ಅಳಬಹುದು ಅಂತ ನೆನೆದು, ಹಾಕಿದ ಕುರ್ಚಿಗಳನ್ನೇ ಮತ್ತೆ ಮತ್ತೆ ಸರಿಮಾಡಿದೆ. ಊರಿನ ಹೆಂಗಸರೆಲ್ಲ ಹಳ್ಳ ದಾಟಿ ಬಂದಿದ್ದರು. ಅವಳು ಅಳಲಿಲ್ಲ. ಮಗಳ ಕಾಲು ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ಊರ ಹೆಣಕ್ಕೆಲ್ಲ ಅತ್ತವಳು ಸ್ವಂತ ಮಗಳಿಗೆ ಬಾಯಿ ಬಿಡಲಿಲ್ಲವಲ್ಲ ಅಂತ ಜನ ಆಡಿಕೊಂಡರು. ಕಾಲೋನಿಯ ಸ್ಮಶಾನದಲ್ಲಿ, ಜಾಲಿ ಮರದ ಬದಿಯಲ್ಲಿ, ಸುಮಳನ್ನು ಮಣ್ಣು ಮಾಡಿದರು.

ಆವತ್ತು ಯಾಕೆ ಅಳಲಿಲ್ಲ ಅನ್ನುವುದನ್ನು ಅವಳು ನನಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ. ಆಸ್ಪತ್ರೆಯ ವರಾಂಡದಲ್ಲಿ ಇನ್ನೊಬ್ಬ ಹೆಂಗಸು, ತನ್ನ ಗಂಡನನ್ನು ಸೇರಿಸಿದ್ದವಳು, ಇವಳ ಪಕ್ಕ ಕೂತು ಕೈ ಹಿಡಿದುಕೊಂಡಳಂತೆ. ಯೇಸು ಅನ್ನುವವನು ತನ್ನ ಗೆಳೆಯ ಸತ್ತಾಗ ಗೋರಿಯ ಹತ್ತಿರ ಹೋಗಿ ಅತ್ತ ಕತೆ ಹೇಳಿದಳಂತೆ.

"ಸತ್ತೋನ್ನ ಎಬ್ಸೋ ತಾಕತ್ತು ಇದ್ದೋನು ಕಣಣ್ಣ ಅವ್ನು. ಎಬ್ಸಿದ್ನಂತೆ ಕೂಡ. ಆದ್ರೂ ಮೊದ್ಲು ಅತ್ತ. ನಾನು ಬಲಿ ಕೇಳೋ ದೇವ್ರು ಕಂಡಿದೀನಿ, ಸಿಟ್ಟಾಗೋ ದೇವ್ರು ಕಂಡಿದೀನಿ. ಅಳೋ ದೇವ್ರನ್ನ ಕಂಡಿರ್ಲಿಲ್ಲ. ನಾನು ಮಾಡೋ ಕೆಲ್ಸಾನೇ ಮಾಡೋ ದೇವ್ರು ಒಬ್ಬ ಅವ್ನೆ ಅಂತ ಗೊತ್ತಾದ್ಮೇಲೆ ಹೆಂಗೆ ಬಿಟ್ಬಿಡ್ಲಿ? ಸುಮನ ಮುಂದೆ ಆವತ್ತು ಅವ್ನು ಅಳ್ತಿದ್ದ. ಅದ್ಕೆ ನಾನು ಸುಮ್ಕಿದ್ದೆ."

"ಅಷ್ಟು ತಾಕತ್ತಿದ್ದೋನು ನಿನ್ನ ಮಗಳನ್ನ ಯಾಕೆ ಎಬ್ಬಿಸಲಿಲ್ಲ?" ಅಂತ ನಾನು ಕೇಳಿಯೇಬಿಟ್ಟೆ. ನನ್ನ ಬಾಯಿಯೇ ಹಾಗೆ.

"ಅದ್ನ ದಿನಾ ಕೇಳ್ತೀನಿ" ಅಂದಳು. "ಹೇಳ್ದಾಗ ನಿಂಗೂ ಹೇಳ್ತೀನಿ ಬಿಡು."

ಭಾನುವಾರ ತರೀಕೆರೆಯಲ್ಲಿ ಒಂದು ಮನೆಯಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಕಾಲೋನಿಯಿಂದ ಕೆಲವು ಹೆಂಗಸರು ಅವಳಿಗಿಂತ ಮೊದಲಿನಿಂದಲೂ ಹೋಗುತ್ತಿದ್ದರು ಅನ್ನುವುದು ಆಮೇಲೆ ಗೊತ್ತಾಯಿತು. ಎಲ್ಲರೂ ಗುಟ್ಟಾಗಿ. ಎಲ್ಲಿಗೆ ಅಂದರೆ ಒಬ್ಬಳು ಆಸ್ಪತ್ರೆಗೆ, ಇನ್ನೊಬ್ಬಳು ತವರಿಗೆ, ಮತ್ತೊಬ್ಬಳು ಬಟ್ಟೆ ಅಂಗಡಿಗೆ. ಒಂದು ಭಾನುವಾರ ನಾನೂ ಅದೇ ಬಸ್ಸಿನಲ್ಲಿದ್ದೆ. ಕಂಡಕ್ಟರು ಟಿಕೆಟ್ ಕೊಡುತ್ತ ತಮಾಷೆಗೆ, "ಏನಮ್ಮಾ, ವಾರ ವಾರ ತರೀಕೆರೆ! ಯಾರವ್ರೆ ಅಲ್ಲಿ ನಿಂಗೆ?" ಅಂದ.

"ಯೇಸಪ್ಪ ಅವ್ನೆ" ಅಂದಳು ಕೆಂಚಮ್ಮ. ಹೆಣದ ಮುಂದೆ ಬೆಳೆಸಿದ ಗಂಟಲು, ಡ್ರೈವರಿನವರೆಗೂ ಕೇಳಿತು.

ಬಸ್ಸೆಲ್ಲ ನಕ್ಕಿತು. ಅವಳೂ ನಕ್ಕಳು. ಬಟ್ಟೆ ಅಂಗಡಿಗೆ ಹೊರಟಿದ್ದವಳು ಮಾತ್ರ ಕಿಟಕಿಯ ಕಡೆ ಮುಖ ತಿರುಗಿಸಿ ಸೆರಗು ಹೊದ್ದುಕೊಂಡಳು. ತರೀಕೆರೆಯ ಪಾಸ್ಟರು ಮೆದು ಮನುಷ್ಯ, ಅವರೇ ಒಮ್ಮೆ ಕರೆದು, ಕಾಲ ಸರಿಯಿಲ್ಲ, ಸ್ವಲ್ಪ ಮೆಲ್ಲಗೆ ಮಾತಾಡಿ ತಾಯಿ ಅಂದರಂತೆ. "ಕದ್ದಿದೀನಾ ಸ್ವಾಮಿ ಮೆಲ್ಲಗೆ ಮಾತಾಡಾಕೆ?" ಅಂತ ಇವಳು ಕೇಳಿದಳಂತೆ. ಹೆಸರನ್ನೂ ಬದಲಾಯಿಸಲಿಲ್ಲ. "ಅವ್ನು ಕೂಗಿದ್ದು ಕೆಂಚೀ ಅಂತ್ಲೇ. ಬೇರೆ ಹೆಸ್ರಲ್ಲಿ ಹೋದ್ರೆ ಇನ್ಯಾರೋ ಅನ್ಕಂಡಾನು."

ಯಾರನ್ನೂ ಬಾ ಅಂತ ಕರೆದವಳಲ್ಲ. ಕೇಳಿದರೆ ಹೇಳುತ್ತೇನೆ, ಕೇಳದಿದ್ದರೆ ಸುಮ್ಮನಿರುತ್ತೇನೆ ಅನ್ನುತ್ತಿದ್ದಳು. ಕೇಳದಿದ್ದರೂ ಹೇಳುತ್ತಿದ್ದಳು, ಅದು ಬೇರೆ ಮಾತು. ನಾನು ಹಣೆ ತುಂಬ ವಿಭೂತಿ ಹಚ್ಚಿಕೊಂಡೇ ಅವಳ ಜೊತೆ ವಾದ ಮಾಡುತ್ತಿದ್ದೆ. ನಿಮ್ಮ ಯೇಸಪ್ಪನ ಸಭೆಗೆ ನನ್ನ ಶಾಮಿಯಾನ ಕೊಡಿಸು ನೋಡೋಣ ಅಂದರೆ, "ಅವ್ನು ಬಯಲಲ್ಲೇ ಕೂರ್ಸೋನು ಕಣಣ್ಣ, ನಿನ್ನ ವ್ಯಾಪಾರ ಗಿಟ್ಟಲ್ಲ" ಅನ್ನುತ್ತಿದ್ದಳು. ಅವಳ ದೇವರನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪಿಲ್ಲ. ಅವಳನ್ನು ಒಪ್ಪಿದ್ದೆ.

ಹೀಗೇ ನಡೆದುಕೊಂಡು ಹೋಗಬಹುದಿತ್ತು. ಆದರೆ ಕೆಲವು ವರ್ಷಗಳಲ್ಲಿ ನಮ್ಮ ಕಡೆಯ ಗಾಳಿ ಬದಲಾಯಿತು. ಬೈಕು, ಶಾಲು, ಫೋನು ಹಿಡಿದ ಹುಡುಗರು ಹುಟ್ಟಿಕೊಂಡರು. ಮಲ್ಲಿಕಣ್ಣನ ಮಗ ಹರೀಶ ಅವರಲ್ಲಿ ಮುಂದು. ಒಂದು ದಿನ ಕಾಲೋನಿಯ ಒಂದು ಮನೆಯಲ್ಲಿ ಕಾಯಿಲೆಯವರಿಗೆ ಪ್ರಾರ್ಥನೆ ಮಾಡಲು ಬಂದ ಪಾಸ್ಟರನ್ನು ಬೀದಿಗೆ ಎಳೆದು ಅಂಗಿ ಹರಿದರು. ಮತಾಂತರದ ಕೇಸು ಹಾಕಿಸುತ್ತೇವೆ ಅಂತ ಕೂಗಾಡಿದರು. ಮಾರನೆಯ ದಿನ ಮಾರಮ್ಮನ ಗುಡಿಯ ಕಟ್ಟೆಯ ಮೇಲೆ ಊರು ಸೇರಿತು.

ಮಲ್ಲಿಕಣ್ಣ ಕೆಟ್ಟವನಲ್ಲ. ಮಗನ ಮುಂದೆ ಸೋತ ಅಪ್ಪ, ಅಷ್ಟೇ. ತಟ್ಟೆಯಲ್ಲಿ ಮಾರಮ್ಮನ ಭಂಡಾರ, ಅಂದರೆ ದೇವಿಯ ಮುಂದಿನ ಅರಿಸಿನದ ಪುಡಿ, ತಂದಿಡಿಸಿದ. ಪ್ರಾರ್ಥನೆಗೆ ಹೋಗುತ್ತಿದ್ದವರು ಒಬ್ಬೊಬ್ಬರಾಗಿ ಬಂದು ಹಣೆಗೆ ಭಂಡಾರ ಇಟ್ಟುಕೊಂಡು, ನಾನು ಈ ಊರ ಮಾರಮ್ಮನ ಒಕ್ಕಲು ಅಂತ ಎಲ್ಲರಿಗೂ ಕೇಳುವಂತೆ ಹೇಳಬೇಕು. ಹೇಳಿದರೆ ಹಿಂದಿನದೆಲ್ಲ ಮಾಫಿ. ಹೇಳದವರಿಗೆ ಊರಲ್ಲಿ ಮಾತಿಲ್ಲ, ಕೆಲಸವಿಲ್ಲ, ಸತ್ತರೆ ಸ್ಮಶಾನಕ್ಕೆ ದಾರಿಯಿಲ್ಲ. ಈ ಕೊನೆಯ ಮಾತು ಬರಿಯ ಬೆದರಿಕೆಯಲ್ಲ. ಕಾಲೋನಿಯ ಸ್ಮಶಾನ ಸರ್ಕಾರದ್ದಾದರೂ ಅಲ್ಲಿಗೆ ಹೋಗುವ ದಾರಿ ಮಲ್ಲಿಕಣ್ಣನ ಹೊಲದ ಮೇಲೆ.

ಒಬ್ಬೊಬ್ಬರೇ ಬಂದರು. ಬಸ್ಸಿನಲ್ಲಿ ಕಿಟಕಿಗೆ ತಿರುಗಿದ್ದವಳು ಮೊದಲು ಬಂದಳು. ಕೂಲಿ ಮಾಡಿ ತಿನ್ನುವವರು, ಅವರನ್ನು ಏನೆನ್ನಲಿ? ಕೊನೆಗೆ ಕೆಂಚಮ್ಮ ಉಳಿದಳು. ಎದ್ದು ಕಟ್ಟೆಯ ಮುಂದೆ ನಿಂತಳು, ತಟ್ಟೆಯ ಹತ್ತಿರ ಬರಲಿಲ್ಲ.

ಲೋಕೇಶ ಅವಳ ಕಾಲ ಹತ್ತಿರ ಕೂತು ಅಳುವ ದನಿಯಲ್ಲಿ ಹೇಳಿದ: "ಒಂದು ಮಾತು ಹೇಳ್ಬಿಡವ್ವ. ಮನಸ್ನಲ್ಲಿ ಯಾರನ್ ಬೇಕಾದ್ರೂ ಇಟ್ಕೊ. ಬಾಯಲ್ಲಿ ಹೇಳೋದಷ್ಟೇ ಅಲ್ವಾ?"

"ಬಾಯಲ್ಲೊಂದು ಮನಸ್ನಲ್ಲೊಂದು ಇಟ್ಕಳಾದು ನಂಗೆ ಬರಾಕಿಲ್ಲ ಕಣಪ್ಪ" ಅಂದಳು. "ಹೆಣದ ಮುಂದೆ ಕೂತು ಕೂತು ಅಭ್ಯಾಸ ತಪ್ಪೋಗೈತೆ."

ಹರೀಶ ಏನೋ ಕೂಗಲು ಹೋದ. ಮಲ್ಲಿಕಣ್ಣ ಕೈ ಎತ್ತಿ ತಡೆದು, ಮೆತ್ತಗೆ, "ಯೋಚ್ನೆ ಮಾಡು ಕೆಂಚಿ. ನಿನ್ನ ಮಗಳು ಅಲ್ಲಿ ಮಲಗವ್ಳೆ" ಅಂದ.

ಆ ಮಾತು ಅವಳಿಗೆ ನಾಟಿತು. ಅಷ್ಟು ಹೊತ್ತು ನೆಟ್ಟಗೆ ನಿಂತಿದ್ದವಳು ಕಟ್ಟೆಯ ಅಂಚು ಹಿಡಿದುಕೊಂಡಳು. ಭಂಡಾರದ ತಟ್ಟೆಯನ್ನೇ ನೋಡಿದಳು. ಇನ್ನೇನು ಕೈ ಚಾಚಿ ಭಂಡಾರ ತೆಗೆದುಕೊಳ್ಳುತ್ತಾಳೆ ಅಂತ ನನಗೂ ಅನ್ನಿಸಿತು. ತೆಗೆದುಕೊಳ್ಳಲಿ ಅಂತಲೂ ಅನ್ನಿಸಿತು.

"ಗೊತ್ತು ಯಜಮಾನ್ರೆ" ಅಂದಳು. "ಅವಳ ಪಕ್ಕ ಮಲಗ್ಬೇಕು ಅನ್ನಾದು ಬಿಟ್ರೆ ನಂಗೆ ಬೇರೆ ಆಸೇನೇ ಇಲ್ಲ. ಹುಡುಕಿ ಹುಡುಕಿ ಅದನ್ನೇ ಹಿಡ್ಕಂಡ್ರಲ್ಲ. ಸುಳ್ಳು ಹೇಳಿ ಹೋಗಿ ಮಲಗಿದ್ರೆ ನನ್ ಮಗ್ಳು ಆ ಕಡೆ ಹೊರಳ್ಕಂತಾಳೆ. ನಾನು ಯೇಸಪ್ಪನೋಳು. ಇಷ್ಟೇ ನಂಗೆ ಹೇಳಾಕೆ ಬರಾದು."

ಅಷ್ಟು ಹೇಳಿ ಹೊರಟುಹೋದಳು. ಅವತ್ತಿನಿಂದ ಅಂಗಡಿಯವನು ಸಾಮಾನು ಕೊಡಲಿಲ್ಲ. ಈರುಳ್ಳಿ ಕೀಳಲು ಯಾರೂ ಕರೆಯಲಿಲ್ಲ. ಸಾವಿನ ಮನೆಗಳಿಗೂ ಹೋಗಕೂಡದು ಅಂತಾಯಿತು. ಊರಲ್ಲಿ ಯಾರಾದರೂ ಸತ್ತರೆ ನನ್ನ ಸ್ಪೀಕರಿಗೇ ಪೆನ್‌ಡ್ರೈವ್ ಹಾಕಿ ಭಜನೆ ಬಿಡುತ್ತಿದ್ದರು. ಹೆಣದ ಸುತ್ತ ಕೂತ ಹೆಂಗಸರು ಅಳುವುದೋ ಕೇಳುವುದೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನನಗೆ ಆ ಸದ್ದು ಕೇಳಿದರೆ ಮೈ ಉರಿಯುತ್ತಿತ್ತು.

ಮಲ್ಲಿಕಣ್ಣ ಹೋದದ್ದು ಮುಂದಿನ ಬೇಸಿಗೆಯಲ್ಲಿ, ಹೊಲದಲ್ಲೇ ಎದೆ ಹಿಡಿದುಕೊಂಡು. ನಮ್ಮಲ್ಲಿಯ ಪದ್ಧತಿಯಂತೆ ಹೆಣವನ್ನು ಜಗಲಿಯ ಮೇಲೆ ಕೂರಿಸಿ, ವಿಭೂತಿ ಬಳಿದು, ಹೂವಿನ ಹಾರ ಹಾಕಿದ್ದರು. ಸ್ವಾಮಿಗಳು ಬಂದು ಕೂತಿದ್ದರು. ಸ್ಪೀಕರಿನಲ್ಲಿ ಭಜನೆ. ನಾನು ಕಂಬಕ್ಕೆ ಹಗ್ಗ ಬಿಗಿಯುತ್ತಿದ್ದಾಗ ಬೀದಿಯ ತುದಿಯಲ್ಲಿ ಆ ದನಿ ಎದ್ದಿತು. ನನ್ನ ಕೈ ಹಗ್ಗದ ಮೇಲೇ ನಿಂತಿತು.

ಹರೀಶನ ಹುಡುಗರು ಅಡ್ಡ ಹೋದರು. ಆಗ ಜಗಲಿಯ ಮೇಲಿಂದ ಮಲ್ಲಿಕಣ್ಣನ ಹೆಂಡತಿ ಗೌರಮ್ಮ, "ಬಿಡ್ರೋ! ಅಳಾಕೆ ಬಂದೋಳ್ನ ತಡೆದ್ರೆ ನಂಗೆ ಒಳ್ಳೇದಾಗಲ್ಲ" ಅಂತ ಚೀರಿದಳು. "ಆ ಭಜನೆ ನಿಲ್ಸು ಚಂದ್ರಣ್ಣ" ಅಂದಳು. ನಿಲ್ಲಿಸಿದೆ. ಅಷ್ಟು ಖುಷಿಯಿಂದ ನಾನು ಯಾವ ಸ್ವಿಚ್ಚನ್ನೂ ಒತ್ತಿರಲಿಲ್ಲ.

ಕೆಂಚಮ್ಮ ಹೆಣದ ಕಾಲ ಬಳಿ ಕೂತು ಶುರುಮಾಡಿದಳು. "ನನ್ ಮಗ್ಳು ಬೆಂಕಿಯಂಗೆ ಸುಡೋವಾಗ ಕಾರು ತಂದೆಯಲ್ಲೋ ನನ್ನೊಡೆಯಾ... ದಾರಿ ಉದ್ದಕ್ಕೂ ಅವಳ ತಲೆಗೆ ನೀರು ತಟ್ಟಿದೆಯಲ್ಲೋ ನನ್ನಪ್ಪಾ... ಅದೇ ಕೈಯಲ್ಲಿ ನಂಗೆ ದಾರಿ ಮುಚ್ಚಿದೆಯಲ್ಲೋ... ಮಗನ ಮಾತಿಗೆ ಮನ್ಸು ಮಾರ್ಕಂಡೆಯಲ್ಲೋ..." ಗೌರಮ್ಮ ಎದೆ ಬಡಿದುಕೊಂಡು ಅಳುತ್ತಿದ್ದಳು. ಗಂಡಸರೂ ಕಣ್ಣೊರೆಸಿಕೊಂಡರು. "ನನ್ ಯೇಸಪ್ಪನ್ನ ಬೇಡ್ಕಂತೀನಿ ಕಣೋ ನನ್ ತಂದೇ... ಇವ್ನು ಹೆದ್ರಿ ಮಾಡ್ದ, ಕೆಟ್ಟೋನಲ್ಲ, ಸಿಟ್ಟಿಡಬ್ಯಾಡ ಅಂತೀನಿ ಕಣೋ..."

ಆ ಹೆಸರು ಬಂದದ್ದೇ ಹರೀಶ ಬಂದು ಅವಳ ರಟ್ಟೆ ಹಿಡಿದು ಎಳೆದ. ಕೂತವಳನ್ನು ಹಾಗೇ ಅಂಗಳದುದ್ದಕ್ಕೂ ಎಳೆದುಕೊಂಡು ಹೋಗಿ ಬೀದಿಗೆ ಬಿಟ್ಟ. ಎಳೆಯುವಾಗಲೂ ಅವಳ ಅಳು ನಿಲ್ಲಲಿಲ್ಲ, ಹರೀಶನನ್ನು ಬೈಯಲೂ ಇಲ್ಲ. ಹೆಣದ ಕಡೆಗೇ ಮುಖ ಮಾಡಿ ಹೇಳುತ್ತಲೇ ಇದ್ದಳು. ಅಳುವವಳನ್ನು ಹೆಣದ ಮುಂದಿನಿಂದ ಎಬ್ಬಿಸಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಸ್ವಾಮಿಗಳು ಕಣ್ಣು ಮುಚ್ಚಿಕೊಂಡು ಕೂತಿದ್ದರು. ಯಾಕೆ ಮುಚ್ಚಿಕೊಂಡಿದ್ದರೋ ಅವರನ್ನೇ ಕೇಳಬೇಕು.

ಕೊನೆಯ ಸಲ ಅವಳು ಸಿಕ್ಕಿದ್ದು ನನ್ನ ಅಂಗಡಿಯಲ್ಲಿ. ಆಸ್ಪತ್ರೆಗೆ ತೋರಿಸಿಕೊಂಡು ಬಂದಿದ್ದಳು. ಎರಡು ಹೆಜ್ಜೆಗೊಮ್ಮೆ ಕೆಮ್ಮು. ಒಂದರ ಮೇಲೊಂದು ಪೇರಿಸಿದ್ದ ಕುರ್ಚಿಗಳಲ್ಲಿ ಒಂದನ್ನು ಇಳಿಸಿ ಕೊಟ್ಟೆ. ಎದೆಯ ಎಕ್ಸ್‌ರೇ ಕವರಿನಿಂದಲೇ ಗಾಳಿ ಬೀಸಿಕೊಳ್ಳುತ್ತ ಕೂತಳು. ಶ್ವಾಸಕೋಶ ಎರಡೂ ಹೋಗಿವೆ ಅಂದರಂತೆ.

"ನಿಂಗೆ ಹೆದ್ರಿಕೆನೇ ಆಗಲ್ವಾ?" ಅಂತ ಕೇಳಿದೆ.

"ಆಗಲ್ಲ ಅಂತ ಯಾರಂದ್ರು?" ಅಂದಳು. "ಕಟ್ಟೆ ಮುಂದೆ ನಿಂತಾಗ ಕಾಲು ಗಡಗಡ ಅಂತಿತ್ತು. ಹೆದ್ರಿಕೆ ಬಂದ್ರೆ ಬರ್ಲಿ, ಪಕ್ಕದಲ್ಲಿ ಕೂರ್ಲಿ. ಬಾಯಿಗೆ ಯಾಕೆ ಬಿಡ್ಬೇಕು ಅದನ್ನ?" ಸ್ವಲ್ಪ ಹೊತ್ತು ಕೆಮ್ಮಿ ಸುಧಾರಿಸಿಕೊಂಡು, "ಲೋಕೇಶಂಗೆ ಒಂದು ಮಾತು ಹೇಳು ಚಂದ್ರಣ್ಣ. ನಾನು ಹೇಳಿದ್ರೆ ಅಳ್ತಾನೆ. ಸುಮನ ಪಕ್ಕ ಜಾಗ ಸಿಕ್ಕಿದ್ರೆ ಸರಿ. ಸಿಗ್ದಿದ್ರೆ ಬ್ಯಾಡ. ಆದ್ರೆ ನನ್ ಹಣೆಗೆ ಸುಳ್ಳು ಬಳಿದು ಮಾತ್ರ ಹಾಕಬ್ಯಾಡ ಅನ್ನು" ಅಂದಳು.

ಆ ಸಾಯಂಕಾಲವೇ ಊರಿಗೆ ಹೋಗಿ ಲೋಕೇಶನಿಗೆ ಹೇಳಿದೆ. ಅವನು ನೀರಿನ ವಾಲ್ವ್ ತಿರುಗಿಸುತ್ತ, ನನ್ನ ಮುಖ ನೋಡದೆ, "ಸತ್ತೋಳಿಗೆ ಏನ್ ಗೊತ್ತಾಗುತ್ತೆ ಬಿಡಣ್ಣ" ಅಂದ. "ನಾನು ಇಲ್ಲೇ ಬದುಕ್ಬೇಕಲ್ಲ."

ಸತ್ತದ್ದು ಒಂದು ಬೆಳಗಿನ ಜಾವ. ನಾನು ಫ್ರೀಜರ್ ಪೆಟ್ಟಿಗೆ ತೆಗೆದುಕೊಂಡು ಹೋಗುವ ಹೊತ್ತಿಗೆ ಹೆಣ ಹೊರಗೆ ಮಲಗಿಸಿದ್ದರು. ಹಣೆಯ ತುಂಬ ಭಂಡಾರ. ಸಾಯುವ ಮುಂಚೆ ಮಾರಮ್ಮನ ಹೆಸರು ಹೇಳಿ ಭಂಡಾರ ಇಟ್ಟುಕೊಂಡಳು ಅಂತ ಲೋಕ ನಂಬುವಂತೆ ಲೋಕೇಶ ಹೇಳಿಯಾಗಿತ್ತು. ಅವನನ್ನು ಪಕ್ಕಕ್ಕೆ ಕರೆದು ಬಾಯಿಗೆ ಬಂದಹಾಗೆ ಬೈದೆ. "ಅವಳ ಆಸೆ ಅದೊಂದೇ ಅಲ್ವಾ ಅಣ್ಣ, ಸುಮನ ಪಕ್ಕ? ಅಷ್ಟಾದ್ರೂ ಮಾಡಾನಾ ಬ್ಯಾಡ್ವಾ ನಾನು?" ಅಂದ. ನಾನು ಹೋಗಿ ಆಟೋದಿಂದ ಕುರ್ಚಿ ಇಳಿಸಿದೆ.

ದಾರಿ ತೆರೆಯಿತು. ಹರೀಶನೇ ಹೊಲದ ಬೇಲಿ ಸರಿಸಿ ಮುಂದೆ ನಡೆದ. ಸುಮಳ ಮಣ್ಣಿನ ಪಕ್ಕದಲ್ಲೇ ಗುಂಡಿ ತೋಡಿದ್ದರು. ಕಾಲೋನಿಯ ಗಂಡಸರು ಹೆಣ ಇಳಿಸಿದರು. ಮಗನಾದವನು ಗುಂಡಿಗಿಳಿದು ಕೊನೆಗೆ ಮುಖ ಸರಿಮಾಡಬೇಕು. ಲೋಕೇಶ ಇಳಿದ.

ಅಷ್ಟಕ್ಕೆ ಬಿಟ್ಟಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಹರೀಶ ಗುಂಡಿಯ ಅಂಚಿಗೆ ಬಂದು ಫೋನು ಹಿಡಿದ. "ಲೇ ಲೋಕೇಶ, ನಿಮ್ಮವ್ವ ಸಾಯುವಾಗ ಏನಂದ್ಳು, ಒಂದ್ಸಲ ಹೇಳ್ಬಿಡು. ಅವಳ ಮುಖಾನೂ ಕಾಣಂಗೆ ನಿಂತ್ಕೊ. ವಾಪಸ್ ಬಂದ್ಳು ಅಂತ ಎಲ್ರಿಗೂ ಗೊತ್ತಾಗ್ಲಿ" ಅಂದ.

ಲೋಕೇಶ ಬಾಯಿ ತೆರೆದ. ಮುಚ್ಚಿದ. ಅವ್ವನ ಮುಖ ನೋಡಿದ, ಮತ್ತೆ ಬಾಯಿ ತೆರೆದ. ಬೇರೆಲ್ಲಾದರೂ ಕೇಳಿದ್ದರೆ ಹೇಳಿಬಿಡುತ್ತಿದ್ದ, ಬೆಳಗಿನಿಂದ ಅದನ್ನೇ ತಾನೆ ಹೇಳಿಕೊಂಡು ಬಂದದ್ದು. ಆ ಹೆಣದ ಮುಂದೆ ಮಾತ್ರ ಬರಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಒದ್ದೆ ಟವೆಲ್ಲು ಬಿಚ್ಚಿ ಕೂತುಕೊಂಡು ಅವಳ ಹಣೆ ಒರೆಸಿದ. ಅರಿಸಿನ ಬೇಗ ಹೋಗುವುದಿಲ್ಲ. ಉಜ್ಜಿ ಉಜ್ಜಿ ಒರೆಸಿದ.

"ಏನೂ ಅನ್ಲಿಲ್ಲ. ಯೇಸಪ್ಪಾ ಅಂದ್ಳು, ಅಷ್ಟೇ" ಅಂದ. ಎಲ್ಲರಿಗೂ ಕೇಳಿತು. "ನಾನು ಮಾರಮ್ಮನ ಒಕ್ಕಲೇ ಕಣ್ರೀ. ನಮ್ಮವ್ವ ಅಲ್ಲ. ಅವ್ಳು ಯೇಸಪ್ಪನೋಳು. ಹಂಗೇ ಮಣ್ಣು ಹಾಕಂಗಿದ್ರೆ ಹಾಕ್ರಿ."

ಹರೀಶ ಫೋನು ಜೇಬಿಗಿಟ್ಟು, "ಹಂಗಾದ್ರೆ ಎತ್ತು ಮ್ಯಾಲಕ್ಕೆ" ಅಂದ.

ಇಳಿಸಿದ ಹೆಣವನ್ನು ಎತ್ತುವುದನ್ನು ನಾನು ಕೇಳಿರಲಿಲ್ಲ, ನೋಡಿರಲಿಲ್ಲ. ಇಳಿಸಿದ ಗಂಡಸರು ತಮ್ಮ ತಮ್ಮ ಕಾಲು ನೋಡಿಕೊಂಡು ನಿಂತರು. ಲೋಕೇಶ ಒಬ್ಬನೇ ಅವಳ ಕಂಕುಳಲ್ಲಿ ಕೈ ಹಾಕಿ ಎತ್ತಲು ಹೋಗಿ ಜಾರಿ ಬಿದ್ದ. ನಾನು ಇಳಿದೆ. ಎರೆಮಣ್ಣು ಕಾಲಿಗೆ ಅಂಟಿ ಬಿಡುತ್ತಿರಲಿಲ್ಲ. ಇಬ್ಬರೂ ಸೇರಿ ಹೇಗೋ ಮೇಲೆ ತಂದು ನನ್ನ ಆಟೋದಲ್ಲಿ ಮಲಗಿಸಿದೆವು. ಪಾಸ್ಟರಿಗೆ ಫೋನ್ ಮಾಡಿದೆವು, ಕಡೂರಿಗೆ ಬನ್ನಿ ಅಂದರು. ಬೀರೂರು ದಾಟಿ ಕಡೂರಿಗೆ ಬರುವಷ್ಟರಲ್ಲಿ ಅವರು ಅಲ್ಲಿಯ ಕ್ರೈಸ್ತರ ಸ್ಮಶಾನದಲ್ಲಿ ಒಂದು ಮೂಲೆ ಕೇಳಿಟ್ಟಿದ್ದರು. ಅವಳನ್ನು ಕಂಡೇ ಇರದ ಜನ ನಿಂತು ಹಾಡಿದರು. ಸಾಲು ಸಾಲು ಗೋರಿಗಳಲ್ಲಿ ಅವಳಿಗೆ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಮರಳಿ ಬರುವಾಗ ದಾರಿಯುದ್ದಕ್ಕೂ ಲೋಕೇಶ ಒಂದೇ ಮಾತು ಕೇಳುತ್ತಿದ್ದ, "ಸರಿ ಮಾಡಿದ್ನಾ ಅಣ್ಣ?" ಅಂತ. ಸರಿ ಮಾಡಿದೆ ಅಂದೆ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳುತ್ತಿದ್ದ.

ಅವನ ನೀರು ಬಿಡುವ ಕೆಲಸ ಹೋಯಿತು. ಈಗ ಕಡೂರಿನಲ್ಲೇ ಗಾರೆ ಕೆಲಸಕ್ಕೆ ಹೋಗುತ್ತಾನೆ. ಊರಿಗೆ ಬರುವುದಿಲ್ಲ.

ನಾನು ಮಾರನೆಯ ದಿನ ಕುರ್ಚಿ ತರಲು ಕಾಲೋನಿಗೆ ಹೋದಾಗ ಗಂಡಸರು ಸ್ಮಶಾನದಿಂದ ಗುದ್ದಲಿ ಹೊತ್ತುಕೊಂಡು ಬರುತ್ತಿದ್ದರು. ಹೆಣಕ್ಕೆಂದು ತೋಡಿದ ಗುಂಡಿಯನ್ನು ಬರಿದೇ ಮುಚ್ಚಬಾರದು, ಮುಚ್ಚಿದರೆ ಅದು ಇನ್ನೊಂದು ಹೆಣ ಕೇಳುತ್ತದೆ ಅಂತ ನಮ್ಮ ಕಡೆ ನಂಬುತ್ತಾರೆ. ಅದಕ್ಕೆ ಆಳುದ್ದದ ಒಂದು ಬಾಳೆದಿಂಡು ಕಡಿದು ತಂದು, ಬಿಳಿ ಬಟ್ಟೆ ಸುತ್ತಿ, ತಲೆಯ ಕಡೆಗೆ ಭಂಡಾರ ಹಚ್ಚಿ, ಎಲ್ಲ ಶಾಸ್ತ್ರ ಮಾಡಿ ಮಣ್ಣು ಹಾಕಿದ್ದರು. ಸುಮಳ ಪಕ್ಕದಲ್ಲಿ ಮಲಗಿರುವುದು ಅದು.